ಮಕ್ಕಳ ನಿದ್ದೆ ಕೆಡಿಸುವ ಸೂಜಿಹುಳು

ಹಗಲೆಲ್ಲ ಆಡಿ ದಣಿದ ಮಗು ರಾತ್ರಿ ಊಟವಾದೊಡನೆ ಗಾಢವಾಗಿ ನಿದ್ರಿಸಬೇಕಾದುದು ಸಹಜ. ಆದರೆ ಕೆಲವು ಮಕ್ಕಳು ನಿದ್ದೆ ಹತ್ತಿ ಎರಡು ಮೂರು ಗಂಟೆ ಕಳೆಯುವುದರೊಳಗೆ ಹಾಸಿಗೆಯಲ್ಲಿ ಹೊರಳಾಡತೊಡಗುವರು. ಗುದದ ಸುತ್ತ ಕೆರೆದುಕೊಳ್ಳುವರು. ಕೆಲವೊಮ್ಮೆ ಎದ್ದು ಕುಳಿತು ಅಳುವರು. ಬೆಳಗಾದರೆ ತುರಿಕೆ ಮಾಯವಾಗಿರುತ್ತದೆ. ಏನಾಯಿತೆಂದು ಕೇಳಿದರೆ ಹೇಳಿಕೊಳ್ಳಲು ಮಗುವಿಗೆ ನಾಚಿಕೆ. ಕೆರೆದುಕೊಳ್ಳುವುದನ್ನು ಕಂಡ ಹಿರಿಯರು ಅದನ್ನು ಕೊಳಕು ಅಭ್ಯಾಸವೆಂದು ಗದರಿಸುತ್ತಾರೆ; ಶಾಲೆಯಲ್ಲಿ ತೂಕಡಿಸಿದುದಕ್ಕೆ ಉಪಾಧ್ಯಾಯರು ಬೈಯುತ್ತಾರೆ. ತಾನು ಮಾಡದ ತಪ್ಪಿಗೆ ಮಗು ಎರಡು ಕಡೆ ದಂಡ ತೆರಬೇಕಾಗುವುದು. ತಪ್ಪೆಲ್ಲ ಅರ್ಧ ಅಂಗುಲದಷ್ಟು ಉದ್ದದ ಒಂದು ಬಿಳಿಯ ಹುಳುವಿನದು.

ಹೊಟ್ಟೆಯಲ್ಲಿ ವಾಸಿಸುವ ಹುಳುಗಳಿಗೆಲ್ಲ ನಮ್ಮಲ್ಲಿ ಜಂತುಹುಳು ಎಂಬ ಒಂದೇ ಹೆಸರು ರೂಢಿಯಲ್ಲಿದೆ. ಇದರಿಂದ ಆಗಿರುವ ಗೊಂದಲ ಅಷ್ಟಿಷ್ಟಲ್ಲ. ಎರೆಹುಳುವಿನಂತೆ ಉದ್ದವಾಗಿ ಬೆಳೆಯುವ ದುಂಡುಹುಳು ಬೇರೆ, ಕರುಳಿನ ಗೋಡೆಯನ್ನು ಕಚ್ಚಿಕೊಂಡು ರಕ್ತ ಹೀರುವ ಕೊಕ್ಕೆಹುಳು ಬೇರೆ, ಮೀಟರುಗಟ್ಟಲೆ ಬೆಳೆಯುವ ಲಾಡಿಹುಳು ಬೇರೆ. ಅವು ದೇಹವನ್ನು ಹೊಗುವ ದಾರಿಯೂ ಬೇರೆ, ಅವುಗಳನ್ನು ಹೊರಗಟ್ಟುವ ಕ್ರಮವೂ ಬೇರೆ. ನಾವಿಲ್ಲಿ ಹೇಳಹೊರಟಿರುವುದು ಸೂಜಿಹುಳುವಿನ ವಿಷಯ. ಹೆಣ್ಣುಹುಳುವಿನ ಬಾಲ ಸೂಜಿಯ ಮೊನೆಯಂತೆ ಚೂಪಾಗಿರುವುದರಿಂದ ಈ ಹೆಸರು ಬಂದಿದೆ. ನೋಡುವುದಕ್ಕೆ ಕತ್ತರಿಸಿ ಬಿಸುಟ ಬಿಳಿಯ ದಾರದ ಚೂರಿನಂತಿದ್ದು, ಮಿಸುಕಾಡುತ್ತಿರುವುದು. ಹೆಣ್ಣಿನ ಉದ್ದ ೮ರಿಂದ ೧೩ ಮಿಲಿಮೀಟರ್. ಗಂಡು ೨ರಿಂದ ೫ ಮಿಲಿಮೀಟರ್ ಮಾತ್ರ. ಶಾಸ್ತ್ರಜ್ಞರು ಇದನ್ನು ಎಂಟರೋಬಿಯಸ್ ವರ್ಮಿಕ್ಯುಲಾರಿಸ್ ಎಂದು ಕರೆಯುತ್ತಾರೆ.

ಮನುಷ್ಯನಿಗೂ ಈ ಹುಳುವಿಗೂ ಇರುವ ನಂಟು ಬಹಳ ಹಳೆಯದು. ಅಮೆರಿಕದ ಯೂಟಾ ಪ್ರಾಂತದಲ್ಲಿ ಡೇಂಜರ್ ಕೇವ್ ಎಂಬ ಗುಹೆಯುಂಟು. ಅಲ್ಲಿ ಸಿಕ್ಕಿದ, ಒಣಗಿ ಗಟ್ಟಿಯಾಗಿದ್ದ ಮಾನವ ಮಲದ ತುಣುಕುಗಳಲ್ಲಿ ಈ ಹುಳುವಿನ ಮೊಟ್ಟೆಗಳನ್ನು ಗುರುತಿಸಿ ೧೯೬೯ರಲ್ಲಿ ಪ್ರಕಟಿಸಿದರು; ಅವುಗಳ ವಯಸ್ಸು ಸುಮಾರು ೧೦,೦೦೦ ವರ್ಷ. ನಮ್ಮ ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಕ್ರಿಮಿಗಳನ್ನು ೨೦ ಬಗೆಯಾಗಿ ವಿಂಗಡಿಸಿದೆ. ಮಲದಲ್ಲಿ ಹುಟ್ಟುವುವೆಂದು ಹೇಳಿದ ಕ್ರಿಮಿಗಳ ಲಕ್ಷಣಗಳಲ್ಲಿ ಗುದದ ತುರಿಕೆಯೂ ಸೇರಿದೆ. ೧೭೫೮ರಲ್ಲಿ ಲಿನ್ನೇಯಸ್ ಈ ಹುಳುವಿಗೆ ಶಾಸ್ತ್ರೀಯವಾದ ಹೆಸರನ್ನಿತ್ತನು. ಇಂದಿಗೂ ಇದು ಬಡ ದೇಶ, ಸಿರಿವಂತ ದೇಶ ಎಂಬ ಭೇದವಿಲ್ಲದೆ ಎಲ್ಲೆಡೆಯಲ್ಲಿಯೂ ಇದೆ. ಅಮೆರಿಕದಲ್ಲಿ ಅತಿ ಹೆಚ್ಚಾಗಿ ಕಾಣುವ ಹುಳುಬಾಧೆಯೂ ಇದೇ. ಆದುದರಿಂದ ಮನೆಯ ಮಗುವಿನಲ್ಲಿ ಇದು ಕಂಡುಬಂದಿತೆಂದು ಮನೆಯವರು ಮುಖ ಮರೆಸಿಕೊಳ್ಳಬೇಕಾದ ಕಾರಣವೇನೂ ಇಲ್ಲ. ಆದರೂ ಮರೆಸುತ್ತಾರೆ, ಆ ಮರೆಯೇ ಹುಳುವಿಗೆ ಅನುಕೂಲ.

ಇದರ ಜೀವನಚಕ್ರವನ್ನು ಸ್ವಲ್ಪ ವಿವರವಾಗಿಯೇ ನೋಡೋಣ. ಏಕೆಂದರೆ ಗುರುತಿಸುವ ಬಗೆ, ಮದ್ದಿನ ಲೆಕ್ಕ, ಮದ್ದು ಕೆಲವೊಮ್ಮೆ ನಿಷ್ಫಲವಾಗುವುದರ ರಹಸ್ಯ, ಎಲ್ಲವೂ ಅದರಲ್ಲಿಯೇ ಅಡಗಿವೆ. ಮೊಟ್ಟೆ ಬಾಯಿಯ ಮೂಲಕ ಹೊಟ್ಟೆಗೆ ಹೋಗುವುದು. ಸಣ್ಣ ಕರುಳಿನಲ್ಲಿ ಅದು ಒಡೆದು ಮರಿಹುಳು ಹೊರಬರುವುದು. ಮರಿ ಬೆಳೆಯುತ್ತ ಕೆಳಗಿಳಿದು, ದೊಡ್ಡ ಕರುಳಿನ ಆರಂಭದಲ್ಲಿರುವ ಚೀಲದಂತಹ ಭಾಗದಲ್ಲಿ ನೆಲಸುವುದು. ಗಂಡು ಹೆಣ್ಣುಗಳು ಕೂಡಿದ ಮೇಲೆ ಗಂಡು ಹೆಚ್ಚು ಕಾಲ ಬದುಕುವುದಿಲ್ಲ. ಹೆಣ್ಣಿನ ಒಡಲು ಮೊಟ್ಟೆಗಳಿಂದ ತುಂಬುತ್ತ ಬರುವುದು. ಒಂದೊಂದರಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿದ ಮೊಟ್ಟೆಗಳಿರಬಹುದು. ಮೊಟ್ಟೆ ನುಂಗಿದಂದಿನಿಂದ ಈ ಸ್ಥಿತಿಗೆ ಬರಲು ಕನಿಷ್ಠ ಒಂದು ತಿಂಗಳು ಹಿಡಿಯುವುದು. ಈ ಒಂದು ತಿಂಗಳೆಂಬ ಅಂಕೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಮುಂದೆ ಅದು ಬೇಕಾಗುವುದು.

ದುಂಡುಹುಳು, ಕೊಕ್ಕೆಹುಳು ಮುಂತಾದುವು ಕರುಳಿನೊಳಗೇ ಮೊಟ್ಟೆಯಿಡುತ್ತವೆ. ಮೊಟ್ಟೆಗಳು ಮಲದೊಡನೆ ಹೊರಬಿದ್ದು, ಮಣ್ಣಿನಲ್ಲಿ ಕೆಲಕಾಲ ಕಳೆದು ಮುಂದಿನ ಅವಸ್ಥೆಗೆ ಬರುತ್ತವೆ. ಸೂಜಿಹುಳುವಿನ ರೀತಿ ಇದಕ್ಕೆ ವಿಪರೀತ. ಮಗು ನಿದ್ರಿಸಿ ಮೈ ಸಡಿಲವಾದ ಹೊತ್ತಿನಲ್ಲಿ ತುಂಬಿದ ಹೆಣ್ಣುಹುಳು ಕರುಳಿನ ಉದ್ದಕ್ಕೂ ತೆವಳಿ ಗುದದಿಂದ ಹೊರಬರುವುದು. ಹೊರಗಿನ ಗಾಳಿ ಸೋಕಿದೊಡನೆ ಗುದದ ಸುತ್ತಲಿನ ಚರ್ಮದ ಮಡಿಕೆಗಳಲ್ಲಿ ಅಂಟುದ್ರವದೊಡನೆ ಮೊಟ್ಟೆಗಳನ್ನು ಸುರಿದು, ಬಳಿಕ ಸತ್ತುಹೋಗುವುದು. ಹುಳುವಿನ ಓಡಾಟದಿಂದಲೂ ಆ ಅಂಟಿನಿಂದಲೂ ತುರಿಕೆ ಹುಟ್ಟುವುದು. ಮಗು ನಿದ್ದೆಗಣ್ಣಿನಲ್ಲಿ ಕೆರೆಯುವುದು. ಮೊಟ್ಟೆಗಳು ಉಗುರಿನ ಸಂದಿನಲ್ಲಿ ಸೇರುವುವು. ಬೆರಳು ಬಾಯಿಗೆ ಹೋಗುವುದು. ಆ ಮೊಟ್ಟೆಗಳು ಮಣ್ಣಿಗೆ ಬೀಳಬೇಕಾದುದೂ ಇಲ್ಲ, ದಿನಗಟ್ಟಲೆ ಕಾಯಬೇಕಾದುದೂ ಇಲ್ಲ. ನಾಲ್ಕರಿಂದ ಆರು ಗಂಟೆಗಳಲ್ಲಿ ಸೋಂಕಲು ಸಿದ್ಧವಾಗಿರುತ್ತವೆ. ರಾತ್ರಿ ಹನ್ನೊಂದಕ್ಕೆ ಇಟ್ಟ ಮೊಟ್ಟೆ ಬೆಳಗಿನ ಕಾಫಿಯ ಹೊತ್ತಿಗೆ ಅದೇ ಮಗುವಿನ ಹೊಟ್ಟೆಗೆ ಮರಳಲು ಯೋಗ್ಯವಾಗಿರುವುದು. ತುರಿಕೆಯೇ ಹುಳುವಿನ ಸಂತಾನವನ್ನು ಮುಂದುವರಿಸುವ ಉಪಾಯವಾಗಿಬಿಟ್ಟಿದೆ. ಇಷ್ಟು ನೇರವಾದ ಏರ್ಪಾಡು ಪರೋಪಜೀವಿಗಳಲ್ಲಿ ಅಪರೂಪವೆಂದೇ ನನ್ನ ಭಾವನೆ.

ಈಗ ಒಂದು ವಿಚಿತ್ರದ ಕಾರಣ ತಾನಾಗಿ ಹೊಳೆಯುವುದು. ಮಗುವಿಗೆ ಹುಳುವಿದೆಯೆಂದು ಅನುಮಾನ ಬಂದು ಮಲಪರೀಕ್ಷೆ ಮಾಡಿಸುತ್ತಾರೆ. ಮೊಟ್ಟೆ ಕಾಣಲಿಲ್ಲವೆಂದು ವರದಿ ಬರುವುದು. ಹುಳುವಿಲ್ಲವೆಂದು ಎಲ್ಲರೂ ನಿಶ್ಚಿಂತರಾಗುತ್ತಾರೆ. ತುರಿಕೆ ಮಾತ್ರ ನಿಲ್ಲುವುದಿಲ್ಲ. ಪರೀಕ್ಷೆ ಮಾಡಿದವರ ತಪ್ಪು ಇದರಲ್ಲಿ ಏನೂ ಇಲ್ಲ. ಕರುಳಿನೊಳಗೆ ಮೊಟ್ಟೆಯನ್ನೇ ಇಡದ ಹುಳುವಿನ ಮೊಟ್ಟೆ ಮಲದಲ್ಲಿ ಎಲ್ಲಿಂದ ಬರಬೇಕು? ಸೂಜಿಹುಳುವಿರುವ ನೂರು ಮಂದಿಯ ಮಲವನ್ನು ಪರೀಕ್ಷಿಸಿದರೆ ಮೊಟ್ಟೆ ಸಿಕ್ಕುವುದು ಐದರಿಂದ ಹದಿನೈದು ಮಂದಿಯಲ್ಲಿ ಮಾತ್ರ. ಮೊಟ್ಟೆ ಇರುವ ಸ್ಥಳದಲ್ಲಿ, ಇರುವ ಹೊತ್ತಿನಲ್ಲಿ ಹುಡುಕಬೇಕಲ್ಲದೆ ಬೇರೆ ಕಡೆ ಹುಡುಕಿ ಫಲವಿಲ್ಲ.

ಇದನ್ನು ಅರಿತು ಅಮೆರಿಕದ ಮಾರಿಸ್ ಹಾಲ್ ಎಂಬಾತನು ೧೯೩೭ರಲ್ಲಿ, ಕಡ್ಡಿಯ ತುದಿಗೆ ಸೆಲೋಫೇನ್ ಹಾಳೆಯನ್ನು ಸುತ್ತಿ ಚರ್ಮವನ್ನು ಒರಸಿ ನೋಡುವ ಒಂದು ಸಾಧನವನ್ನು ವಿವರಿಸಿದನು. ೧೯೪೧ರಲ್ಲಿ ಗ್ರಹಾಂ ಎಂಬಾತನು ಅದನ್ನು ಇನ್ನೂ ಸುಲಭಗೊಳಿಸಿದನು. ಕಾಗದ ಹರಿದರೆ ಅಂಟಿಸುವ ಸೆಲೋಟೇಪೇ ಅವನ ಉಪಕರಣ. ಎಂಬತ್ತು ವರ್ಷಗಳು ಕಳೆದರೂ ಇದಕ್ಕಿಂತ ಅಗ್ಗವೂ ಸುಲಭವೂ ಆದ ವಿಧಾನ ಬಂದಿಲ್ಲ.

ಕ್ರಮ ಹೀಗೆ. ಮಗು ಬೆಳಗ್ಗೆ ಎದ್ದ ಕೂಡಲೆ, ಶೌಚಕ್ಕೆ ಹೋಗುವ ಮುನ್ನ, ಸ್ನಾನಕ್ಕೂ ಮುನ್ನ, ಮೂರು ನಾಲ್ಕು ಅಂಗುಲದಷ್ಟು ಪಾರದರ್ಶಕವಾದ ಸೆಲೋಟೇಪನ್ನು ಅಂಟಿನ ಮೈ ಹೊರಮುಖವಾಗುವಂತೆ ಒಂದು ಚಮಚದ ಹಿಡಿಗೆ ಮಡಿಸಿ ಹಿಡಿದು, ಗುದದ ಸುತ್ತಲಿನ ಚರ್ಮಕ್ಕೆ ಎರಡು ಮೂರು ಕಡೆ ಮೆಲ್ಲನೆ ಒತ್ತಬೇಕು. ಅನಂತರ ಅಂಟಿನ ಮೈ ಕೆಳಗಾಗುವಂತೆ ಗಾಜಿನ ಸ್ಲೈಡಿನ ಮೇಲೆ ಅಂಟಿಸಿ ಪ್ರಯೋಗಶಾಲೆಗೆ ಒಯ್ಯಬೇಕು. ಮಬ್ಬು ಬಣ್ಣದ ಟೇಪು ಇದಕ್ಕೆ ಬಾರದು. ಕೆಲಸವಾದ ಮೇಲೆ ಸಾಬೂನಿನಿಂದ ಕೈಗಳನ್ನೂ ಚಮಚವನ್ನೂ ತೊಳೆಯುವುದನ್ನು ಮರೆಯಬಾರದು. ಮೊಟ್ಟೆಯ ಉದ್ದ ೫೦ರಿಂದ ೬೦ ಮೈಕ್ರಾನ್, ಅಗಲ ೨೦ರಿಂದ ೩೦ ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದೊಂದು ಪಾಲು. ಬರಿಗಣ್ಣು ಬೇರ್ಪಡಿಸಿ ನೋಡಬಲ್ಲ ಕನಿಷ್ಠ ಅಂತರ ಸುಮಾರು ೧೦೦ ಮೈಕ್ರಾನ್ ಆದುದರಿಂದ ಮೊಟ್ಟೆ ನಮ್ಮ ಕಣ್ಣಿಗೆ ನಿಲುಕುವುದಿಲ್ಲ. ಆದರೆ ನೂರರಷ್ಟು ದೊಡ್ಡದಾಗಿ ತೋರಿಸುವ, ಕಾಲೇಜಿನ ಪ್ರಯೋಗಶಾಲೆಯಲ್ಲಿರುವಂತಹ ಸಾಧಾರಣ ಸೂಕ್ಷ್ಮದರ್ಶಕದಲ್ಲಿಯೇ ಅದು ಅರ್ಧ ಸೆಂಟಿಮೀಟರಿನಷ್ಟಾಗಿ, ಒಂದು ಮಗ್ಗುಲು ಚಪ್ಪಟೆಯಾದ ಅವರೆಕಾಳಿನಂತೆ ಸ್ಪಷ್ಟವಾಗಿ ಕಾಣುವುದು.

ಒಂದು ದಿನದ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೆ ನಿರ್ಣಯಕ್ಕೆ ಬರಕೂಡದು, ಏಕೆಂದರೆ ಹೆಣ್ಣುಹುಳು ಪ್ರತಿರಾತ್ರಿಯೂ ಹೊರಬರುವುದೆಂಬ ನಿಯಮವಿಲ್ಲ. ಒಂದು ಬೆಳಗಿನ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದು ಸುಮಾರು ಅರ್ಧದಷ್ಟು ಪ್ರಕರಣಗಳು. ಮೂರು ಬೆಳಗುಗಳು ಒಂದೇ ಸಮನೆ ಮಾಡಿದರೆ ನೂರಕ್ಕೆ ತೊಂಬತ್ತು. ನಾಣ್ಯವನ್ನು ಮೂರು ಸಲ ಚಿಮ್ಮಿದರೆ ಮೂರು ಸಲವೂ ತಲೆಯೇ ಬೀಳುವ ಸಂಭವ ಎಂಟರಲ್ಲಿ ಒಂದು ಎಂಬುದನ್ನು ಗಣಿತದ ತರಗತಿಯಲ್ಲಿ ಕಲಿತವರಿಗೆ ಈ ಏರಿಕೆ ಆಶ್ಚರ್ಯ ತರಲಾರದು. ಸ್ಲೈಡು, ಸೂಕ್ಷ್ಮದರ್ಶಕ ಯಾವುದೂ ಇಲ್ಲದ ಕಡೆ ಇನ್ನೊಂದು ದಾರಿಯುಂಟು. ಮಗು ಮಲಗಿ ಎರಡು ಮೂರು ಗಂಟೆಯಾದ ಮೇಲೆ ಟಾರ್ಚಿನ ಬೆಳಕಿನಲ್ಲಿ ಗುದದ ಸುತ್ತ ನೋಡಿದರೆ ಬಿಳಿಯ ಹುಳುಗಳೇ ಕಣ್ಣಿಗೆ ಬೀಳಬಹುದು. ಹಾಗೆ ಕಂಡ ಮೇಲೆ ಬೇರೆ ಪ್ರಮಾಣ ಬೇಕಿಲ್ಲ.

ಎಲ್ಲ ಮಕ್ಕಳಲ್ಲಿಯೂ ತುರಿಕೆ ಇದ್ದೇ ತೀರುವುದೆಂದಿಲ್ಲ. ಹುಳುವಿದ್ದೂ ಯಾವ ತೊಂದರೆಯೂ ತೋರದವರು ಅನೇಕರು. ತೋರಿದವರಲ್ಲಿ ನಿದ್ದೆಗೇಡು, ಸಿಡುಕು, ಕೆರೆದು ಆದ ಗಾಯ, ಅದರಲ್ಲಿ ಕೀವು, ಇವು ಸಾಮಾನ್ಯ. ಹೆಣ್ಣುಮಕ್ಕಳಲ್ಲಿ ಹುಳು ದಾರಿತಪ್ಪಿ ಮುಂಭಾಗಕ್ಕೆ ತೆವಳಿ ಜನನಾಂಗದಲ್ಲಿ ಉರಿ, ತುರಿಕೆ, ಸ್ರಾವಗಳನ್ನು ಉಂಟುಮಾಡುವುದುಂಟು. ಇದನ್ನು ಮಗು ಎಂದೂ ತಾನಾಗಿ ಹೇಳಲಾರದಾದ್ದರಿಂದ ತಾಯಂದಿರು ತಿಳಿದಿರಬೇಕು. ಇನ್ನು ಹುಳುವಿನ ಮೇಲೆ ಜನ ಹೊರಿಸುವ ಅಪವಾದಗಳೂ ಹಲವಿವೆ. ನಿದ್ದೆಯಲ್ಲಿ ಹಲ್ಲು ಕಡಿಯುವ ಮಗುವಿಗೆಲ್ಲ ಹುಳುವಿದೆಯೆಂಬ ಮಾತಿಗೆ ಗಟ್ಟಿಯಾದ ಆಧಾರವಿಲ್ಲ. ಬೆಲ್ಲ ಸಕ್ಕರೆ ತಿಂದರೆ ಹುಳು ಹುಟ್ಟುವುದೆಂಬುದಂತೂ ಸುಳ್ಳು; ಮೊಟ್ಟೆಯನ್ನು ನುಂಗದೆ ಹುಳುವಿಲ್ಲ. ಈ ಹುಳು ರಕ್ತ ಹೀರುವುದಿಲ್ಲವಾದ್ದರಿಂದ ಮಗು ಬಿಳಿಚಿಕೊಂಡಿದ್ದರೆ ಬೇರೆ ಕಾರಣವನ್ನು ಹುಡುಕಬೇಕು. ಮನೆಯ ನಾಯಿ ಬೆಕ್ಕುಗಳಿಂದ ಬಂದಿತೆಂದು ಅವನ್ನು ಓಡಿಸುವುದೂ ಅನ್ಯಾಯ, ಸೂಜಿಹುಳುವಿಗೆ ಆಶ್ರಯ ಮನುಷ್ಯನೇ.

ಮೊಟ್ಟೆಗಳು ಒಬ್ಬರಿಂದ ಒಬ್ಬರಿಗೆ ಹೋಗುವುದು ಬಹುಮಟ್ಟಿಗೆ ಕೈಯಿಂದ. ಆದರೆ ಹಾಸಿಗೆಯ ಹೊದಿಕೆ, ಒಳಉಡುಪು, ಆಟದ ಸಾಮಾನು, ಬಾಗಿಲ ಹಿಡಿ ಇವುಗಳ ಮೇಲೂ ಅವು ಇರುತ್ತವೆ. ತಂಪೂ ತೇವವೂ ಇದ್ದಲ್ಲಿ ಎರಡು ಮೂರು ವಾರ ಜೀವ ಹಿಡಿದಿರಬಲ್ಲವು. ಒಣ ಸೆಕೆಯಲ್ಲಿ ಬೇಗ ಸಾಯುತ್ತವೆ. ಹೊದಿಕೆಯನ್ನು ಕೊಡವಿದರೆ ಏನಾಗುವುದೆಂಬುದಕ್ಕೆ ನಾನೊಂದು ಸಣ್ಣ ಲೆಕ್ಕ ಹಾಕಿದೆ. ಗಾಳಿಯಲ್ಲಿ ಬೀಳುವ ಸಣ್ಣ ಕಣಗಳಿಗೆ ಅನ್ವಯಿಸುವ ಸ್ಟೋಕ್ಸ್ ನಿಯಮದ ಪ್ರಕಾರ ಈ ಗಾತ್ರದ ಮೊಟ್ಟೆ ಸೆಕೆಂಡಿಗೆ ಸುಮಾರು ೩ ಸೆಂಟಿಮೀಟರಿನಂತೆ ಇಳಿಯಬೇಕು. ನಿಂತ ಮನುಷ್ಯನ ಎದೆಯ ಎತ್ತರದಿಂದ ನೆಲ ಸೇರಲು ೪೦ ಸೆಕೆಂಡು ಸಾಕು. ಎಂದರೆ ಧೂಳಿನಂತೆ ಗಂಟೆಗಟ್ಟಲೆ ತೇಲುವಂತಹುದಲ್ಲ. ಆದರೆ ಆ ೪೦ ಸೆಕೆಂಡುಗಳಲ್ಲಿ, ಸೆಕೆಂಡಿಗೆ ಕಾಲು ಮೀಟರಿನ ತೆಳುಗಾಳಿ ಬೀಸುತ್ತಿದ್ದರೂ ಅದು ೧೦ ಮೀಟರ್ ದೂರ ಸರಿದಿರುತ್ತದೆ. ನಮ್ಮ ಬಹುಪಾಲು ಮನೆಗಳಲ್ಲಿ ಮಲಗುವ ಕೋಣೆಯಿಂದ ಅಡಿಗೆಮನೆಗೆ ಅಷ್ಟೂ ದೂರವಿರುವುದಿಲ್ಲ. ಹೊದಿಕೆಯನ್ನು ಕೊಡವದೆ ಸುರುಳಿ ಸುತ್ತಿ ಒಯ್ದು ಬಿಸಿನೀರಿಗೆ ಹಾಕಬೇಕೆಂದು ವೈದ್ಯರು ಹೇಳುವುದು ಇದಕ್ಕಾಗಿಯೇ.

ಮದ್ದಿನ ವಿಷಯಕ್ಕೆ ಬರೋಣ. ೧೯೫೦ರ ದಶಕದಲ್ಲಿ ಪಿಪರಜೀನ್ ಎಂಬ ಔಷಧಿಯನ್ನು ದಿನಗಟ್ಟಲೆ ಕುಡಿಸಬೇಕಾಗಿತ್ತು. ೧೯೭೦ರ ದಶಕದಲ್ಲಿ ಮೆಬೆಂಡಜೋಲ್ ಬಳಕೆಗೆ ಬಂದ ಮೇಲೆ ಒಂದೇ ಗುಳಿಗೆ ಸಾಕೆಂಬಂತಾಯಿತು. ಆಲ್ಬೆಂಡಜೋಲ್ ಅದರ ದಾಯಾದಿ. ಇವೆರಡೂ ಹುಳುವಿನ ಜೀವಕೋಶಗಳೊಳಗಿನ ಸೂಕ್ಷ್ಮನಾಳಗಳ ರಚನೆಯನ್ನು ಕೆಡಿಸಿ, ಅದು ಸಕ್ಕರೆಯನ್ನು ಹೀರಿಕೊಳ್ಳದಂತೆ ಮಾಡುತ್ತವೆ. ಹುಳು ಉಪವಾಸದಿಂದ ಸಾಯುವುದು. ಪೈರಾಂಟೆಲ್ ಎಂಬ ಇನ್ನೊಂದು ಔಷಧಿ ಹುಳುವಿನ ಸ್ನಾಯುಗಳನ್ನು ಸೆಟೆಸಿಬಿಡುವುದು. ಎರಡು ವರ್ಷ ದಾಟಿದವರಿಗೆ ಸಾಮಾನ್ಯವಾಗಿ ಆಲ್ಬೆಂಡಜೋಲ್ ೪೦೦ ಮಿಲಿಗ್ರಾಂ, ಅಥವಾ ಮೆಬೆಂಡಜೋಲ್ ೧೦೦ ಮಿಲಿಗ್ರಾಂ ಒಂದೇ ಬಾರಿಗೆ ಕೊಡುತ್ತಾರೆ. ಪೈರಾಂಟೆಲ್ ಅನ್ನು ಮೈತೂಕಕ್ಕೆ ತಕ್ಕಂತೆ ನಿರ್ಧರಿಸುತ್ತಾರೆ. ಅದಕ್ಕಿಂತ ಚಿಕ್ಕ ಮಕ್ಕಳು, ಗರ್ಭಿಣಿಯರು, ಬೇರೆ ಕಾಯಿಲೆಗೆ ಔಷಧಿ ಸೇವಿಸುತ್ತಿರುವವರು ವೈದ್ಯರನ್ನು ಕೇಳದೆ ಯಾವುದನ್ನೂ ತೆಗೆದುಕೊಳ್ಳಕೂಡದು.

ಆದರೆ ಇಷ್ಟಕ್ಕೇ ನಿಲ್ಲಿಸಿದವರೇ ಹೆಚ್ಚಾಗಿ ನಿರಾಶರಾಗುವುದು. ಗುಳಿಗೆ ಕರುಳಿನಲ್ಲಿರುವ ಹುಳುಗಳನ್ನು ಕೊಲ್ಲುವುದು. ಮೊಟ್ಟೆಗಳ ಮೇಲೆ ಅದರ ಆಟ ನಡೆಯದು. ಉಗುರಿನಲ್ಲಿ, ಹಾಸಿಗೆಯಲ್ಲಿ ಉಳಿದ ಮೊಟ್ಟೆಗಳಿಗಂತೂ ಗುಳಿಗೆಯ ಸುದ್ದಿಯೇ ತಿಳಿಯದು. ಇಂದು ಗುಳಿಗೆ ನುಂಗಿದ ಮಗು ಎರಡು ದಿನದ ಮೇಲೆ ಒಂದು ಮೊಟ್ಟೆಯನ್ನು ನುಂಗಿತೆನ್ನಿ. ಹಿಂದೆ ನೆನಪಿಡಲು ಹೇಳಿದ ಒಂದು ತಿಂಗಳು ಕಳೆಯುವಷ್ಟರಲ್ಲಿ ಅದು ತುಂಬಿದ ಹೆಣ್ಣಾಗಿ ಮತ್ತೆ ಹತ್ತು ಸಾವಿರ ಮೊಟ್ಟೆಗಳನ್ನು ಸುರಿಯುವುದು. ಆದುದರಿಂದ ಎರಡನೆಯ ಗುಳಿಗೆ ಬೇಕೇಬೇಕು. ಯಾವಾಗ? ಮೂರನೆಯ ದಿನವೇ ಕೊಟ್ಟರೆ ಆಮೇಲೆ ನುಂಗಿದ ಮೊಟ್ಟೆಗಳೆಲ್ಲ ತಪ್ಪಿಸಿಕೊಳ್ಳುವುವು. ಒಂದೂವರೆ ತಿಂಗಳಿಗೆ ಕೊಟ್ಟರೆ ಅಷ್ಟರಲ್ಲಿ ಹೊಸ ಹುಳು ಮೊಟ್ಟೆಯಿಟ್ಟಾಗಿರುವುದು. ಎರಡು ವಾರಕ್ಕೆ ಕೊಟ್ಟರೆ? ಮೊದಲ ಗುಳಿಗೆಯ ಅನಂತರ ಹೊಕ್ಕ ಹುಳುವಿನ ವಯಸ್ಸು ಹೆಚ್ಚೆಂದರೆ ಹದಿನಾಲ್ಕು ದಿನ. ಹುಳುವಾಗಿ ಕರುಳಿನಲ್ಲಿ ಸಿಕ್ಕುವುದು, ಮೊಟ್ಟೆಯಿಡುವ ವಯಸ್ಸು ಮಾತ್ರ ಬಂದಿರುವುದಿಲ್ಲ. ಅಷ್ಟರಲ್ಲಿ ಹೊರಗೆ ಉಳಿದಿದ್ದ ಹಳೆಯ ಮೊಟ್ಟೆಗಳಲ್ಲಿಯೂ ಬಹುಪಾಲು ಸತ್ತಿರುವುವು. ವೈದ್ಯರ ಚೀಟಿಯಲ್ಲಿ "ಎರಡು ವಾರಗಳ ಮೇಲೆ ಮತ್ತೊಮ್ಮೆ" ಎಂದು ಬರೆದಿರುವುದರ ಹಿಂದೆ ಈ ಲೆಕ್ಕವಿದೆ. ತುರಿಕೆ ನಿಂತಿತಲ್ಲ ಎಂದು ಆ ಎರಡನೆಯ ಗುಳಿಗೆಯನ್ನು ಕೊಳ್ಳದೆ ಬಿಡುವವರು ಬಹಳ. ಗೋಡೆಯ ಕ್ಯಾಲೆಂಡರಿನಲ್ಲಿ ಹದಿನಾಲ್ಕನೆಯ ದಿನಕ್ಕೆ ಗುರುತು ಹಾಕುವುದು ಮನೆಯಲ್ಲಿ ಓದುತ್ತಿರುವ ಅಣ್ಣನೋ ಅಕ್ಕನೋ ವಹಿಸಿಕೊಳ್ಳಬಹುದಾದ ಕೆಲಸ.

ಇಲ್ಲಿ ಒಂದು ಪ್ರಶ್ನೆ ಏಳುವುದು. ಶಾಲೆಯಲ್ಲಿ, ಅಂಗನವಾಡಿಯಲ್ಲಿ ಜಂತುಹುಳುವಿನ ಮಾತ್ರೆ ಕೊಡುತ್ತಾರಲ್ಲ, ಅದು ಸಾಲದೆ? ೨೦೧೫ರಿಂದ ನಮ್ಮ ದೇಶದಲ್ಲಿ ಫೆಬ್ರವರಿ ೧೦ರಂದು ರಾಷ್ಟ್ರೀಯ ಜಂತುಹುಳು ನಿವಾರಣಾ ದಿನವನ್ನು ಆಚರಿಸಿ, ೧ರಿಂದ ೧೯ ವರ್ಷದ ಮಕ್ಕಳಿಗೆ ಆಲ್ಬೆಂಡಜೋಲ್ ಕೊಡುವ ಕಾರ್ಯಕ್ರಮ ಆರಂಭವಾಯಿತು. ಚೀಪಿ ಅಗಿದ ಆ ಬಿಳಿಯ ಮಾತ್ರೆಯ ರುಚಿ ಈ ಲೇಖನವನ್ನು ಓದುತ್ತಿರುವ ಅನೇಕರಿಗೆ ನೆನಪಿರಬಹುದು. ಆ ಕಾರ್ಯಕ್ರಮದ ಗುರಿ ಮಣ್ಣಿನ ಮೂಲಕ ಹರಡುವ ದುಂಡುಹುಳು, ಕೊಕ್ಕೆಹುಳು, ಚಾಟಿಹುಳುಗಳು. ಅವನ್ನು ಹತೋಟಿಯಲ್ಲಿಡಲು ವರ್ಷಕ್ಕೆ ಒಂದೆರಡು ಮಾತ್ರೆ ಬಹಳ ಉಪಕಾರಿ. ಅದೇ ಮಾತ್ರೆ ಆ ದಿನ ಕರುಳಿನಲ್ಲಿದ್ದ ಸೂಜಿಹುಳುವನ್ನೂ ಕೊಲ್ಲಬಹುದು. ಆದರೆ ಮನೆಯ ಹಾಸಿಗೆಯಲ್ಲಿ ಮೊಟ್ಟೆಗಳು ಕಾದಿರುವಾಗ, ಎರಡು ವಾರಕ್ಕೆ ಮತ್ತೊಂದು ಮಾತ್ರೆಯಿಲ್ಲದಾಗ, ತಂದೆತಾಯಿಗಳೂ ಅಜ್ಜಿಯೂ ಮಾತ್ರೆ ನುಂಗದಿರುವಾಗ ಸೂಜಿಹುಳುವಿನ ಸರಪಳಿ ಕಡಿಯುವುದು ಕಷ್ಟ. ಶಾಲೆಯ ಮಾತ್ರೆಯನ್ನು ತಪ್ಪದೆ ತೆಗೆದುಕೊಳ್ಳಬೇಕು. ಸೂಜಿಹುಳುವಿನ ಚಿಕಿತ್ಸೆ ಅದರಿಂದ ಮುಗಿಯಿತೆಂದು ತಿಳಿಯಬಾರದು.

ಗುಳಿಗೆಯನ್ನು ಮನೆಯವರೆಲ್ಲರೂ ಒಂದೇ ದಿನ ನುಂಗಬೇಕು, ತುರಿಕೆಯಿದ್ದವರೂ ಇಲ್ಲದವರೂ. ಆ ಎರಡು ವಾರಗಳಲ್ಲಿ ಉಗುರುಗಳನ್ನು ಗಿಡ್ಡವಾಗಿ ಕತ್ತರಿಸಿರಬೇಕು. ಮಗುವಿಗೆ ರಾತ್ರಿಯ ಬದಲು ಬೆಳಗ್ಗೆ ಎದ್ದೊಡನೆ ಮೈಮೇಲೆ ನೀರು ಸುರಿದು ಸ್ನಾನ ಮಾಡಿಸಿದರೆ ರಾತ್ರಿ ಇಟ್ಟ ಮೊಟ್ಟೆಗಳಲ್ಲಿ ಬಹುಭಾಗ ತೊಳೆದುಹೋಗುವುವು. ಒಳಉಡುಪನ್ನು ಪ್ರತಿ ಬೆಳಗ್ಗೆಯೂ ಬದಲಿಸಬೇಕು. ಮಲಗುವಾಗ ಬಿಗಿಯಾದ ಚಡ್ಡಿ ತೊಡಿಸುವುದರಿಂದ ಉಗುರು ಚರ್ಮಕ್ಕೆ ತಾಕುವುದು ತಪ್ಪುವುದು. ಹಾಸಿಗೆಯನ್ನು ಬಿಸಿಲಿಗೆ ಹಾಕುವ ನಮ್ಮ ಹಳೆಯ ಪದ್ಧತಿ ಇಲ್ಲಿ ತುಂಬ ಒಳ್ಳೆಯದು, ಬಿಸಿಲನ್ನು ಈ ಮೊಟ್ಟೆಗಳು ತಾಳಲಾರವು. ಕೈಗೆ ಸವರುವ ಸ್ಯಾನಿಟೈಸರಿಗಿಂತ ಸಾಬೂನು ನೀರೇ ಮೇಲು. ಮೊಟ್ಟೆಯ ಸಿಪ್ಪೆ ಗಟ್ಟಿಯಾದುದು. ಅದನ್ನು ಕೊಲ್ಲುವುದಕ್ಕಿಂತ ತೊಳೆದು ಸಾಗಿಸುವುದು ಸುಲಭ. ಬೇವು, ಹಾಗಲಕಾಯಿ, ಹರಳೆಣ್ಣೆಗಳ ಮನೆಮದ್ದನ್ನು ನಂಬಿ ಗುಳಿಗೆಯನ್ನು ಬಿಡುವುದು ಸರಿಯಲ್ಲ. ಮಕ್ಕಳಿಗೆ ಮೇಲಿಂದ ಮೇಲೆ ಭೇದಿ ಮಾಡಿಸುವುದರಿಂದ ಕೆಡುಕೇ ಹೆಚ್ಚು. ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿಗಳಿಗೂ ಈ ಮಾತುಗಳೆಲ್ಲ ಸಲ್ಲುತ್ತವೆ. ಅಲ್ಲಿ ಮನೆಯವರು ಎಂದರೆ ಒಂದೇ ಕೋಣೆಯಲ್ಲಿ ಮಲಗುವವರು.

ಎರಡು ಗುಳಿಗೆಗಳಾದ ಮೇಲೆ ತಿಂಗಳೆರಡು ತಿಂಗಳಿಗೆ ತುರಿಕೆ ಮತ್ತೆ ಬಂದರೆ ಔಷಧಿ ಕೆಲಸಮಾಡಲಿಲ್ಲವೆಂದು ಕೂಡಲೆ ದೂರುವುದು ಬೇಡ. ಮತ್ತೆ ಮೂರು ಬೆಳಗು ಸೆಲೋಟೇಪಿನ ಪರೀಕ್ಷೆ ಮಾಡಿ ನೋಡಬೇಕು. ಹುಳು ಇರುವುದು ನಿಜವಾದರೆ ಬಹುಮಟ್ಟಿಗೆ ಅದು ಹೊಸದಾಗಿ ಹತ್ತಿದ ಸೋಂಕಾಗಿರುತ್ತದೆ. ಎಲ್ಲಿಂದ ಬಂದಿತೆಂದು ವಿಚಾರಿಸಬೇಕು. ಮಗುವಿನ ಜತೆಯಲ್ಲಿ ಆಡುವವರು, ಪಕ್ಕದಲ್ಲಿ ಮಲಗುವವರು ಯಾರೆಂದು ಕೇಳುತ್ತ ಹೋದರೆ, ತನಗೇನೂ ಆಗಿಲ್ಲವೆಂದು ಹೇಳಿ ಗುಳಿಗೆಯನ್ನು ಕಿಟಕಿಯ ಮೇಲಿಟ್ಟು ಮರೆತ ಸೋದರಮಾವನೊಬ್ಬನು ಸಿಕ್ಕಿಬೀಳುವುದು ಅಪರೂಪವೇನಲ್ಲ.